ಹಾಡು ಯಾರದು? ಫ್ರಾಂಕಿ ನಕಲ್ಸ್ ಮತ್ತು ಹೌಸ್ ಸಂಗೀತದ ಹಳೇ ತಕರಾರು

1987ರಲ್ಲಿ ಷಿಕಾಗೋದ ಟ್ರ್ಯಾಕ್ಸ್ ರೆಕಾರ್ಡ್ಸ್ ಕಂಪನಿ ‘ಯುವರ್ ಲವ್’ ಎಂಬ ರೆಕಾರ್ಡ್ ಹೊರತಂದಿತು. ಅದರ ಮೇಲೆ ಅಚ್ಚಾಗಿದ್ದದ್ದು ಡಿಜೆ ಫ್ರಾಂಕಿ ನಕಲ್ಸ್ ಹೆಸರು. ಹಾಡು ಬರೆದವರು, ಹಾಡಿದವರು ಜೇಮಿ ಪ್ರಿನ್ಸಿಪಲ್ ಎಂಬ ಅದೇ ಊರಿನ ಯುವಕ. ಹಿಂದಿನ ವರ್ಷವೇ ಪರ್ಸೋನಾ ಎಂಬ ಪುಟ್ಟ ಕಂಪನಿ ಈ ಹಾಡನ್ನು ಪ್ರಿನ್ಸಿಪಲ್ ಹೆಸರಿನಲ್ಲೇ ತಂದಿತ್ತು. ಆದರೂ ಲೋಕದಲ್ಲಿ ನಿಂತದ್ದು ಟ್ರ್ಯಾಕ್ಸ್‌ನ ರೆಕಾರ್ಡೇ. ಡಿಸ್ಕೋದಿಂದ ಬೆಳೆದ, ಕ್ಲಬ್ಬುಗಳಲ್ಲಿ ಕುಣಿಯಲೆಂದೇ ಕಟ್ಟಿದ ಹೌಸ್ ಸಂಗೀತದ ಅಭಿಮಾನಿಗಳಲ್ಲಿ ಎಷ್ಟೋ ಜನ ಇವತ್ತಿಗೂ ಅದನ್ನು ನಕಲ್ಸ್ ಹಾಡು ಎಂದೇ ಕರೆಯುತ್ತಾರೆ. ಹೀಗೇಕಾಯಿತು ಎಂದು ತಿಳಿಯಲು ನಕಲ್ಸ್ ನಡೆದುಬಂದ ದಾರಿಯನ್ನೇ ನೋಡಬೇಕು. ಡಿಜೆ ಎಂಬ ಕಸುಬು ಸಂಗೀತ ಕಟ್ಟುವ ಕಸುಬಾಗಿ ಬದಲಾದದ್ದು ಇಂಥವರ ಕೈಯಲ್ಲಿ.

ನಕಲ್ಸ್ ಹುಟ್ಟಿದ್ದು 1955ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಗೆಳೆಯ ಲ್ಯಾರಿ ಲೆವಾನ್ ಜೊತೆ ಕಾಂಟಿನೆಂಟಲ್ ಬಾತ್ಸ್ ಎಂಬ, ಸಲಿಂಗಿಗಳು ಸೇರುತ್ತಿದ್ದ ಸ್ನಾನಗೃಹದ ಕ್ಲಬ್ಬಿನಲ್ಲಿ ರೆಕಾರ್ಡ್ ಹಾಕುತ್ತ ಕೆಲಸ ಕಲಿತರು. ರಾಬರ್ಟ್ ವಿಲಿಯಮ್ಸ್ ಷಿಕಾಗೋದಲ್ಲಿ ಕ್ಲಬ್ ತೆರೆಯಲು ಹೊರಟಾಗ ಮೊದಲು ಕರೆದದ್ದು ಲೆವಾನ್ ಅವರನ್ನು. ಅವರು ಒಲ್ಲೆ ಎಂದರು. 1977ರಲ್ಲಿ ಆ ಜಾಗಕ್ಕೆ ನಕಲ್ಸ್ ಬಂದರು. ಸೌತ್ ಜೆಫರ್ಸನ್ ಬೀದಿಯ 206ನೇ ನಂಬರಿನ ಆ ಕಟ್ಟಡವೇ ವೇರ್‌ಹೌಸ್. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳು. ಬೇರೆಡೆ ಬಾಗಿಲಲ್ಲೇ ತಡೆಸಿಕೊಳ್ಳುತ್ತಿದ್ದ ಜನ ಇಲ್ಲಿ ಬೆಳಗಿನವರೆಗೂ ಕುಣಿಯುತ್ತಿದ್ದರು. ಹೌಸ್ ಎಂಬ ಹೆಸರು ಬಂದದ್ದೂ ಈ ಕ್ಲಬ್ಬಿನಿಂದಲೇ ಎನ್ನುತ್ತಾರೆ.

1979ರ ಜುಲೈ 12ರಂದು ಅದೇ ಊರಿನ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಎಂದರೆ ಆಗದ ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ ಡಿಸ್ಕೋ ರೆಕಾರ್ಡುಗಳ ರಾಶಿಯನ್ನೇ ಸಿಡಿಸಿದ. ಒಂದು ರೆಕಾರ್ಡ್ ತಂದುಕೊಟ್ಟವರಿಗೆ 98 ಸೆಂಟಿಗೆ ಟಿಕೆಟ್. ಜನ ಮೈದಾನಕ್ಕೆ ನುಗ್ಗಿ ದಾಂಧಲೆ ಎಬ್ಬಿಸಿ, ಆ ಸಂಜೆಯ ಎರಡನೇ ಪಂದ್ಯವೇ ನಡೆಯಲಿಲ್ಲ. ಆ ರಾಶಿಯಲ್ಲಿ ಡಿಸ್ಕೋ ಅಲ್ಲದ ಕಪ್ಪು ಕಲಾವಿದರ ರೆಕಾರ್ಡುಗಳೂ ಇದ್ದವು ಎಂದು ನೆನಪಿಸಿಕೊಂಡವರು, ಅಂದು ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ಹುಡುಗ ವಿನ್ಸ್ ಲಾರೆನ್ಸ್. ಮುಂದೆ ಹೌಸ್ ಸಂಗೀತದ ಮೊದಮೊದಲ ರೆಕಾರ್ಡುಗಳ ಹಿಂದೆ ಕೆಲಸ ಮಾಡಿದವರಲ್ಲಿ ಅವರೂ ಒಬ್ಬರು.

ದೊಡ್ಡ ಕಂಪನಿಗಳು ಡಿಸ್ಕೋದಿಂದ ಕೈತೊಳೆದುಕೊಂಡವು. ಹೊಸ ಹಾಡುಗಳು ಬರುವುದು ಕಡಿಮೆಯಾಯಿತು, ಕುಣಿಯುವವರೇನೂ ಕಡಿಮೆಯಾಗಲಿಲ್ಲ. ಆಗ ನಕಲ್ಸ್ ಇದ್ದ ಹಾಡುಗಳನ್ನೇ ಸ್ಪೂಲ್ ಟೇಪಿಗೆ ಹಾಕಿಕೊಂಡು, ಕತ್ತರಿಸಿ, ಅಂಟಿಸತೊಡಗಿದರು. ಎಂಟೇ ಮಾತ್ರೆ ಬಂದು ಹೋಗುತ್ತಿದ್ದ ಡ್ರಮ್ಮಿನ ತುಣುಕು ನಿಮಿಷಗಟ್ಟಲೆ ಓಡುತ್ತಿತ್ತು. ಪಲ್ಲವಿ ಬೇಕೆಂದೇ ತಡವಾಗಿ ಬರುತ್ತಿತ್ತು. ಮುಂದೆ ಡೆಟ್ರಾಯಿಟ್‌ನ ಡೆರಿಕ್ ಮೇ ಅವರಿಂದ ರೋಲ್ಯಾಂಡ್ ಟಿಆರ್-909 ಡ್ರಮ್ ಮಷಿನ್ ಕೊಂಡು, ಹಳೇ ಹಾಡುಗಳ ಅಡಿಯಲ್ಲಿ ಅದರ ಗಟ್ಟಿ ತಾಳವನ್ನು ಸೇರಿಸಿದರು. ಇದನ್ನು ಬರೀ ರೆಕಾರ್ಡ್ ಹಾಕುವ ಕೆಲಸ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಯಾವ ಜಾಗದಲ್ಲಿ ಎಷ್ಟು ಹೊತ್ತು ಕಾಯಿಸಬೇಕು ಎಂಬ ನಿರ್ಧಾರವೂ ಸಂಗೀತವೇ.

1982ರಲ್ಲಿ ವೇರ್‌ಹೌಸ್ ಬಿಟ್ಟ ನಕಲ್ಸ್, ಪವರ್ ಪ್ಲಾಂಟ್ ಎಂಬ ತಮ್ಮದೇ ಕ್ಲಬ್ ತೆರೆದರು. ಪ್ರಿನ್ಸಿಪಲ್ ಹಾಡಿನ ಟೇಪು ಗೆಳೆಯರೊಬ್ಬರ ಮೂಲಕ ಅವರ ಕೈಸೇರಿತು. ರೆಕಾರ್ಡ್ ಆಗುವ ಎಷ್ಟೋ ಮೊದಲಿನಿಂದ ನಕಲ್ಸ್ ಆ ಟೇಪನ್ನು ಕ್ಲಬ್ಬಿನಲ್ಲಿ ಹಾಕುತ್ತಲೇ ಬಂದರು. ನಮ್ಮ ದಾಸರ ಪದವನ್ನು ಯಾರೇ ಹಾಡಲಿ, ಕೊನೆಗೆ ಅಂಕಿತ ಬಂದೇ ಬರುತ್ತದೆ, ಕಟ್ಟಿದವರು ಯಾರೆಂದು ಹಾಡೇ ಹೇಳುತ್ತದೆ. ಟೇಪಿಗೆ ಅಂಥ ಅಂಕಿತ ಇರಲಿಲ್ಲ. ಕತ್ತಲಲ್ಲಿ ಕುಣಿಯುವವರಿಗೆ ಗೊತ್ತಿದ್ದದ್ದು ಹಾಡು ಹಾಕುತ್ತಿದ್ದವರ ಹೆಸರು ಮಾತ್ರ. ಹಾಡು ಊರಲ್ಲೆಲ್ಲ ಹಬ್ಬಿದ್ದು ನಕಲ್ಸ್ ದೆಸೆಯಿಂದ ಎಂಬುದು ನಿಜ. ಹಬ್ಬಿಸಿದವರ ಹೆಸರೊಂದೇ ಉಳಿದು, ಬರೆದು ಹಾಡಿದವರ ಹೆಸರು ಮರೆಯಾದದ್ದು ತಪ್ಪು ಎಂಬುದೂ ಅಷ್ಟೇ ನಿಜ.

ಹೆಸರಿನ ಜೊತೆಗೆ ಹಣದ ಪ್ರಶ್ನೆಯೂ ಇತ್ತು. ಒಂದು ಹಾಡಿಗೆ ಎರಡು ಹಕ್ಕು: ರಚನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಎರಡನ್ನೂ ಯಾವುದಾದರೂ ಕಾಗದಕ್ಕೆ ಸಹಿ ಹಾಕಿ ಬಿಟ್ಟುಕೊಟ್ಟರೆ ಮುಂದಿನ ಗಳಿಕೆಯೆಲ್ಲ ಕಂಪನಿಯ ಪಾಲು. ಷಿಕಾಗೋದ ಹುಡುಗರಿಗೆ ವಕೀಲರಿರಲಿಲ್ಲ, ಮ್ಯಾನೇಜರ್‌ಗಳಿರಲಿಲ್ಲ. ಟ್ರ್ಯಾಕ್ಸ್ ನಡೆಸುತ್ತಿದ್ದ ಲ್ಯಾರಿ ಶೆರ್ಮನ್ ಬಳಿ ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆಯೇ ಇತ್ತು. ಹಳೇ ರೆಕಾರ್ಡುಗಳನ್ನು ಕರಗಿಸಿ ಹೊಸದಕ್ಕೆ ಬಳಸುತ್ತಿದ್ದರಿಂದ ಅವುಗಳಲ್ಲಿ ಕರಕರ ಸದ್ದು ಸಾಮಾನ್ಯವಾಗಿತ್ತು. ಅವು ಕಡಲು ದಾಟಿ ಇಂಗ್ಲೆಂಡಿನ ಕ್ಲಬ್ಬುಗಳನ್ನು ಸೇರಿದವು. ‘ಯುವರ್ ಲವ್’ನ ಸಿಂಥಸೈಜರ್ ಎಳೆಯ ಮೇಲೆ ಕ್ಯಾಂಡಿ ಸ್ಟೇಟನ್ ದನಿಯನ್ನು ಕೂರಿಸಿದ ಹಾಡು 1991ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು.

ಅಷ್ಟರಲ್ಲಿ ನಕಲ್ಸ್ ನ್ಯೂಯಾರ್ಕಿಗೆ ಮರಳಿ, ಜೂಡಿ ವೈನ್‌ಸ್ಟೈನ್ ಮತ್ತು ಡೇವಿಡ್ ಮೊರಾಲೆಸ್ ಅವರ ಡೆಫ್ ಮಿಕ್ಸ್ ತಂಡ ಸೇರಿದ್ದರು. 1989ರ ‘ಟಿಯರ್ಸ್’ ರೆಕಾರ್ಡನ್ನು ನೋಡಿ: ಫ್ರಾಂಕಿ ನಕಲ್ಸ್ ಅರ್ಪಿಸುವ ಸಾತೋಶಿ ತೋಮಿಯೆ, ಗಾಯನ ರಾಬರ್ಟ್ ಓವೆನ್ಸ್. ಮೂರು ಹೆಸರು, ಮೂರು ಪಾತ್ರ. 1987ರಲ್ಲೇ ಹೀಗೆ ಅಚ್ಚಾಗಿದ್ದರೆ ಪ್ರಿನ್ಸಿಪಲ್ ಅವರ ಕಥೆ ಬೇರೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ. ಮೈಕೆಲ್ ಜಾಕ್ಸನ್, ಡಯಾನಾ ರಾಸ್, ಚಾಕಾ ಖಾನ್ ಹಾಡುಗಳನ್ನೂ ನಕಲ್ಸ್ ರೀಮಿಕ್ಸ್ ಮಾಡಿದರು. ಸಾಮಾನ್ಯವಾಗಿ ರೀಮಿಕ್ಸ್‌ಗೆ ಸಿಗುವುದು ಒಂದು ಸಲದ ಸಂಭಾವನೆ, ರಾಯಲ್ಟಿ ಅಲ್ಲ. ಹಾಗಾಗಿ ಹಾಡನ್ನೇ ಹೊಸದಾಗಿ ಕಟ್ಟಿದರೂ ಒಡೆತನ ಬರುವುದಿಲ್ಲ. 1998ರಲ್ಲಿ ಗ್ರ್ಯಾಮಿ ಮೊದಲ ಬಾರಿಗೆ ವರ್ಷದ ರೀಮಿಕ್ಸರ್ ಪ್ರಶಸ್ತಿ ಕೊಟ್ಟಾಗ ಅದು ನಕಲ್ಸ್‌ಗೆ ಸಂದಿತು. 2004ರಲ್ಲಿ ಷಿಕಾಗೋ, ವೇರ್‌ಹೌಸ್ ಇದ್ದ ಬೀದಿಗೆ ಅವರ ಹೆಸರಿನ ಗೌರವ ಫಲಕ ಹಾಕಿತು. ಮಧುಮೇಹದ ಜೊತೆ ಕಾಲಿನ ಪೆಟ್ಟೂ ಸೇರಿ 2008ರಲ್ಲಿ ಒಂದು ಪಾದ ಕಳೆದುಕೊಂಡರೂ ಅವರು ಕೆಲಸ ಬಿಡಲಿಲ್ಲ. 2014ರ ಮಾರ್ಚ್ 31ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ವೇರ್‌ಹೌಸ್ ಕಟ್ಟಡ 2023ರಲ್ಲಿ ನಗರದ ಸಂರಕ್ಷಿತ ಸ್ಮಾರಕವಾಯಿತು.

ಹಕ್ಕಿನ ತಕರಾರು ಕೋರ್ಟ್ ಮೆಟ್ಟಿಲೇರಿದ್ದು ಅವರು ಹೋದ ಮೇಲೆ. 2020ರಲ್ಲಿ, ‘ಟಿಯರ್ಸ್’ ಹಾಡಿದ್ದ ಅದೇ ರಾಬರ್ಟ್ ಓವೆನ್ಸ್ ಮತ್ತು ಅವರ ಹಳೇ ಜೊತೆಗಾರ ಲ್ಯಾರಿ ಹರ್ಡ್, ರಾಯಲ್ಟಿ ಕೊಟ್ಟಿಲ್ಲವೆಂದು ಟ್ರ್ಯಾಕ್ಸ್ ಮೇಲೆ ದಾವೆ ಹೂಡಿದರು. ಶೆರ್ಮನ್ ಅದೇ ವರ್ಷ, ದಾವೆಗೆ ಮುಂಚೆಯೇ ತೀರಿಕೊಂಡಿದ್ದರು. 2022ರ ಆಗಸ್ಟಿನಲ್ಲಿ ರಾಜಿಯಾಗಿ ತಮ್ಮ ಹಾಡುಗಳ ಹಕ್ಕು ಇಬ್ಬರಿಗೂ ಮರಳಿತು. ಎರಡೇ ತಿಂಗಳಲ್ಲಿ ಮಾರ್ಷಲ್ ಜೆಫರ್ಸನ್, ಅಡೋನಿಸ್ ಸೇರಿದಂತೆ ಹತ್ತಕ್ಕೂ ಹೆಚ್ಚು ಕಲಾವಿದರು ಅದೇ ಕಂಪನಿಯ ಮೇಲೆ ಮತ್ತೊಂದು ದಾವೆ ಹಾಕಿದರು.