ಭುಜ ನೋವೆಲ್ಲ ಫ್ರೋಜನ್ ಶೋಲ್ಡರ್ ಅಲ್ಲ

ಪ್ರಶ್ನೆ: ನನಗೆ 52 ವರ್ಷ. ಎರಡು ತಿಂಗಳಿಂದ ಬಲಭುಜ ನೋಯುತ್ತಿದೆ. ಕೈ ಮೇಲೆತ್ತಿದರೆ ಚಳುಕು ಹೊಡೆಯುತ್ತದೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಎಲ್ಲರೂ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ. ಹೌದೇ?

ಉತ್ತರ: ಇರಬಹುದು. ಫ್ರೋಜನ್ ಶೋಲ್ಡರ್ ಎಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ. ಆದರೆ ನೀವು ಹೇಳಿದ ಎರಡೂ ಲಕ್ಷಣಗಳು ಬೇರೆ ತೊಂದರೆಗಳಲ್ಲೂ ಕಾಣಿಸುತ್ತವೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ. ನಿಮ್ಮಿಂದಾಗದಿದ್ದರೆ ಮನೆಯವರೊಬ್ಬರು ಮೆಲ್ಲಗೆ ತಿರುಗಿಸಲಿ. ಅವರಿಗೂ ಬಗ್ಗದೆ ಕೀಲು ಬಿಗಿದು ನಿಂತರೆ ಫ್ರೋಜನ್ ಶೋಲ್ಡರಿನ ಅನುಮಾನ ಬಲವಾಗುತ್ತದೆ. ಅವರು ತಿರುಗಿಸಿದಾಗ ಸಲೀಸಾಗಿ ಬಂದರೆ ಕೀಲು ಬಿಗಿದಿಲ್ಲ. ತೊಂದರೆ ಹೆಚ್ಚಾಗಿ ಸ್ನಾಯುಗಳದ್ದು.

ಯಾವ ಸ್ನಾಯು? ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಹೆಗಲ ಹಲಗೆಯ ಗುಳಿ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಇಷ್ಟು ದಿಕ್ಕಿಗೆ ತಿರುಗುತ್ತದೆ, ಅದಕ್ಕೇ ಭುಜ ಸುಲಭವಾಗಿ ಜಾರುವುದೂ ಹೌದು. ಗುಂಡನ್ನು ಗುಳಿಯಲ್ಲಿ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು, ಒಟ್ಟಾಗಿ ರೊಟೇಟರ್ ಕಫ್. ಅವುಗಳಲ್ಲಿ ಮೇಲಿನದರ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿ) ಭುಜದ ತುದಿಯ ಮೂಳೆಯ ಅಡಿಯಲ್ಲಿ ಇಕ್ಕಟ್ಟಾಗಿ ಹಾದುಹೋಗುತ್ತದೆ. ವಯಸ್ಸಿನ ಸವೆತಕ್ಕೆ, ಕೈ ಎತ್ತಿ ಮಾಡುವ ಕೆಲಸಕ್ಕೆ ಮೊದಲು ನಲುಗುವುದು ಇದೇ. ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವು ಬಂದರೆ ಅನುಮಾನ ಈ ಟೆಂಡನ್ ಮೇಲೆಯೇ. ಬಿದ್ದ ಮೇಲೆ ಕೈ ಎತ್ತುವ ಶಕ್ತಿಯೇ ಹೋದರೆ ಟೆಂಡನ್ ಹರಿದಿರಬಹುದು, ತಡಮಾಡಬೇಡಿ.

ಫ್ರೋಜನ್ ಶೋಲ್ಡರಿನಲ್ಲಿ ಕೀಲನ್ನು ಸುತ್ತಿದ ಚೀಲವೇ ದಪ್ಪವಾಗಿ ಕುಗ್ಗುತ್ತದೆ. 40ರಿಂದ 60ರ ವಯಸ್ಸಿನಲ್ಲಿ, ಅದರಲ್ಲೂ ಮಧುಮೇಹ ಅಥವಾ ಥೈರಾಯ್ಡ್ ತೊಂದರೆ ಇದ್ದವರಲ್ಲಿ ಹೆಚ್ಚು. ಸಡಿಲವಾಗಲು ಒಂದರಿಂದ ಮೂರು ವರ್ಷ ಹಿಡಿಯಬಹುದು, ಸಹನೆ ಬೇಕು.

ನೋವು ಮೊಣಕೈ ದಾಟಿ ಬೆರಳುಗಳಲ್ಲಿ ಜೋಮು ಹಿಡಿದರೆ ಕುತ್ತಿಗೆಯನ್ನು ತೋರಿಸಿ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯದ್ದಿರಬಹುದು: ತಕ್ಷಣ ಆಸ್ಪತ್ರೆಗೆ ಹೋಗಿ.

ಎಕ್ಸ್‌ರೇ ಸರಿಯಿದೆ ಎಂದು ನಿರಾಳರಾಗುವವರು ಬಹಳ. ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಹಾಗೆಂದು ಎಲ್ಲರಿಗೂ ಸ್ಕ್ಯಾನ್ ಬೇಡ, ಬಹುತೇಕರಿಗೆ ಫಿಸಿಯೋಥೆರಪಿಯೇ ಮೊದಲ ಮದ್ದು. ನೋವಿಗೆ ಹೆದರಿ ವಾರಗಟ್ಟಲೆ ಕೈ ಕಟ್ಟಿಕೊಂಡು ಕೂತರೆ ಬಿಗಿತ ಹೆಚ್ಚುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಸೂಚಿಸಿದರೆ, ಸಕ್ಕರೆ ಕಾಯಿಲೆ ಇದ್ದಲ್ಲಿ ಮೊದಲೇ ಹೇಳಿ; ಕೆಲವು ದಿನ ಸಕ್ಕರೆ ಏರುವುದುಂಟು.