ಪೂರ್ತಿ ಖಾಲಿಯಾದ ಸೀಸ-ಆಸಿಡ್ ಬ್ಯಾಟರಿ: ವೋಲ್ಟೇಜ್ ಎರಡು ಸಲ ಏರುವುದೇಕೆ?

ಈ ಟಿಪ್ಪಣಿ ಮುಚ್ಚಳ ತೆಗೆದು ನೀರು ಹಾಕುವಂಥ 12 ವೋಲ್ಟ್ ಬ್ಯಾಟರಿಗೆ ಮಾತ್ರ. ಲಿಥಿಯಂ ಬ್ಯಾಟರಿಯ ಮೇಲೆ ಇದನ್ನು ಪ್ರಯೋಗಿಸಲೇಬೇಡಿ.

ಮೊದಲು ಅಳತೆ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 11.8ಕ್ಕೆ ಇಳಿದರೆ ಖಾಲಿ. ಖಾಲಿಯಾಗುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಅದು ಸಹಜ. ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ದಪ್ಪಗಾಗಿ ಗಟ್ಟಿಯಾಗುತ್ತವೆ, ತೊಂದರೆ ಅಲ್ಲಿಂದ ಶುರು.

ಎಲ್ಲರೂ ಎಡವುವ ಜಾಗ

8 ವೋಲ್ಟಿಗೆ ಇಳಿದ 45 ಆಂಪಿಯರ್-ಅವರ್ ಬ್ಯಾಟರಿಗೆ 14.4 ವೋಲ್ಟ್, 2 ಆಂಪಿಯರ್ ಮಿತಿ ಇಟ್ಟು ಚಾರ್ಜರ್ ಹಾಕಿದೆವು ಅನ್ನಿ. ಒಂದೇ ನಿಮಿಷದಲ್ಲಿ ಮೀಟರ್ 14.4 ತೋರಿಸುತ್ತದೆ. 'ಇಷ್ಟು ಬೇಗ ತುಂಬಿತೇ?' ಎಂದು ಚಾರ್ಜರ್ ತೆಗೆದರೆ ಕೆಲಸ ಕೆಟ್ಟಿತು. ಕರೆಂಟ್ ನೋಡಿ: 0.1 ಆಂಪಿಯರ್ ಇದ್ದೀತು, ಅಷ್ಟೇ. ಲೆಕ್ಕ ಹಾಕಿ: ಚಾರ್ಜರಿನ 14.4ರಲ್ಲಿ ಬ್ಯಾಟರಿಯ 8 ಕಳೆದರೆ 6.4 ವೋಲ್ಟ್, ಅದನ್ನು 0.1ರಿಂದ ಭಾಗಿಸಿದರೆ 64 ಓಮ್. ಒಳ್ಳೆಯ ಬ್ಯಾಟರಿಯ ಒಳಪ್ರತಿರೋಧ ಕೆಲವೇ ಮಿಲಿಓಮ್. ಅಂದರೆ ಮೀಟರಿನಲ್ಲಿ ಕಂಡ 14.4 ಬ್ಯಾಟರಿ ಗಳಿಸಿದ್ದಲ್ಲ, ಚಾರ್ಜರ್ ಒತ್ತುತ್ತಿರುವುದು.

ಪ್ರತಿರೋಧ ಇಷ್ಟು ಯಾಕೆ? ಎರಡು ಕಾರಣ. ಸಲ್ಫೇಟ್ ವಿದ್ಯುತ್ತನ್ನು ಹರಿಯಗೊಡದು. ಜೊತೆಗೆ ಆಸಿಡ್‌ನಲ್ಲಿದ್ದ ಸಲ್ಫೇಟ್ ಎಲ್ಲ ಪ್ಲೇಟಿಗೆ ಹೋಗಿ, ಉಳಿದ ದ್ರವ ಹೆಚ್ಚುಕಡಿಮೆ ಬರೀ ನೀರು.

ಹಾಗಾಗಿ ಚಾರ್ಜರನ್ನು ಹಾಗೇ ಬಿಡಿ. ಗಂಟೆಗೊಮ್ಮೆ ಕರೆಂಟ್ ಬರೆದಿಡಿ. ಸ್ವಲ್ಪ ಸಲ್ಫೇಟ್ ಕರಗಿದಂತೆ ಆಸಿಡ್ ಮತ್ತೆ ಸಾಂದ್ರವಾಗುತ್ತದೆ, ಕರೆಂಟ್ ಮೆಲ್ಲಗೆ ಏರುತ್ತದೆ. ಅದು 2 ಆಂಪಿಯರ್ ಮಿತಿ ಮುಟ್ಟಿದ ಕೂಡಲೇ ವೋಲ್ಟೇಜ್ 13ರ ಆಸುಪಾಸಿಗೆ *ಬೀಳುತ್ತದೆ*. ಹೆದರಬೇಡಿ, ಇದೇ ಶುಭಸೂಚನೆ: ನಿಜವಾದ ಚಾರ್ಜಿಂಗ್ ಈಗಷ್ಟೇ ಶುರುವಾಗಿದೆ. ಇಲ್ಲಿಂದ ವೋಲ್ಟೇಜ್ ಎರಡನೇ ಸಲ ನಿಧಾನವಾಗಿ 14.4ಕ್ಕೆ ಏರಿ, ಆಮೇಲೆ ಕರೆಂಟ್ ಇಳಿಯುತ್ತದೆ. ಮೊದಲ ಏರಿಕೆ ಸುಳ್ಳು, ಎರಡನೆಯದು ನಿಜ. 2 ಆಂಪಿಯರ್‌ನಲ್ಲಿ 45ನ್ನು ತುಂಬಲು, ಶೇ 20ರಷ್ಟು ನಷ್ಟ ಸೇರಿಸಿದರೆ, 27 ಗಂಟೆ ಬೇಕು. ಇಡೀ ದಿನ ಕಳೆದರೂ ಕರೆಂಟ್ 0.1 ಬಿಟ್ಟು ಏಳದಿದ್ದರೆ ಹರಳು ಕಲ್ಲಾಗಿದೆ ಎಂದೇ ಲೆಕ್ಕ.

ಕೆಲವು ಸ್ವಯಂಚಾಲಿತ ಚಾರ್ಜರುಗಳು ತೀರಾ ಇಳಿದ ಬ್ಯಾಟರಿಯನ್ನು ಗುರುತಿಸುವುದೇ ಇಲ್ಲ. ಆಗ ಇನ್ನೊಂದು ಒಳ್ಳೆಯ 12 ವೋಲ್ಟ್ ಬ್ಯಾಟರಿಯನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ, ನಡುವೆ ಫ್ಯೂಸ್ ಹಾಕಿ; ಆ ವೋಲ್ಟೇಜ್ ನೋಡಿ ಚಾರ್ಜರ್ ಕೆಲಸ ಶುರುಮಾಡುತ್ತದೆ. ಫ್ಯೂಸ್ ಹೋದರೆ ಅಥವಾ ಖಾಲಿ ಬ್ಯಾಟರಿ ಬಿಸಿಯಾದರೆ ಒಳಗೆ ಸೆಲ್ ಶಾರ್ಟ್ ಆಗಿರಬಹುದು, ಬಿಚ್ಚಿಬಿಡಿ.

ನೀರು, ಆಸಿಡ್

ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ದ್ರವ ಎಷ್ಟು ಸಾಂದ್ರ ಎಂಬ ಅಳತೆ) ಕಡಿಮೆ ಇದೆ ಎಂದು ಆಸಿಡ್ ಸುರಿಯುವುದು ದೊಡ್ಡ ತಪ್ಪು. ಆಸಿಡ್ ಎಲ್ಲೂ ಹೋಗಿಲ್ಲ, ಪ್ಲೇಟಿನ ಮೇಲೆ ಕೂತಿದೆ. ಹೊಸದಾಗಿ ಹಾಕಿದರೆ ಚಾರ್ಜ್ ಆದಾಗ ಅಳತೆ ಮೀರುತ್ತದೆ, ಪ್ಲೇಟು ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ; ಅದೂ ಪ್ಲೇಟು ಮುಳುಗುವಷ್ಟೇ. ಚಾರ್ಜಾಗುವಾಗ ದ್ರವ ಉಬ್ಬುತ್ತದೆ, ಉಳಿದದ್ದನ್ನು ಕೊನೆಗೆ ಗುರುತಿನವರೆಗೆ ತುಂಬಿ.

ಮುಗಿಯಿತು ಎಂದು ತಿಳಿಯುವುದು

ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್ ನೋಡಿ, 1.265ರ ಹತ್ತಿರ ಬಂದು ಮೂರು ಗಂಟೆ ಕದಲದಿದ್ದರೆ ತುಂಬಿದೆ. ಐದು ಸೆಲ್ 1.255 ಸುತ್ತ, ಒಂದು ಮಾತ್ರ 1.150 ಅಂದರೆ ಆ ಸೆಲ್ ಸತ್ತಿದೆ, ವೋಲ್ಟೇಜೂ 10.5ರ ಹತ್ತಿರವೇ ನಿಲ್ಲುತ್ತದೆ. ಅದರ ಮೇಲೆ ಇನ್ನು ಸಮಯ ವ್ಯರ್ಥ. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೂ ಅನುಮಾನಿಸಿ.

ಎಲ್ಲ ಸೆಲ್ ಸಮವಾಗಿ 1.220ರಲ್ಲಿ ನಿಂತುಬಿಟ್ಟರೆ ಮಾತ್ರ ಈಕ್ವಲೈಸಿಂಗ್, ಅಂದರೆ ಉಳಿದ ಸಲ್ಫೇಟ್ ಕರಗಿಸಲು ಬೇಕೆಂದೇ ಹೆಚ್ಚು ವೋಲ್ಟೇಜಿನಲ್ಲಿ ಚಾರ್ಜ್ ಮಾಡುವುದು: ವಾಹನದಿಂದ ಬಿಚ್ಚಿದ ಬ್ಯಾಟರಿಗೆ 15.5 ವೋಲ್ಟ್, 1 ಆಂಪಿಯರ್ ಮಿತಿ, ಕೆಲವು ಗಂಟೆ. ದ್ರವ 50 ಡಿಗ್ರಿ ದಾಟಿದರೆ ನಿಲ್ಲಿಸಿ. ಬರುವ ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ, ಗಾಳಿಯಲ್ಲಿ ಶೇ 4 ಸೇರಿದರೆ ಕಿಡಿಗೆ ಸಿಡಿಯುತ್ತದೆ. ಆದ್ದರಿಂದ ಕ್ಲಿಪ್ ಹಾಕಿದ ಮೇಲೆ ಚಾರ್ಜರ್ ಆನ್, ಆಫ್ ಮಾಡಿದ ಮೇಲೆ ಕ್ಲಿಪ್ ತೆಗೆಯಿರಿ. ಕನ್ನಡಕ ಕಡ್ಡಾಯ.

ಎಜಿಎಂ, ಜೆಲ್ ಎಂಬ ಮುಚ್ಚಿದ ಬಗೆಯ ಸೀಸ-ಆಸಿಡ್ ಬ್ಯಾಟರಿಗಳಿಗೆ ಈ 15.5 ಬೇಡವೇ ಬೇಡ; ಒಳಗಿನ ನೀರು ಹೋದರೆ ಮತ್ತೆ ತುಂಬಲು ದಾರಿಯಿಲ್ಲ.

ಕೊನೆಯ ಪರೀಕ್ಷೆ: 24 ಗಂಟೆ ಬಿಟ್ಟು 12.5ರ ಮೇಲೇ ಇದೆಯೇ ನೋಡಿ, ನಂತರ ಸೆಲ್ಫ್ ಹೊಡೆಯುವಾಗ ಮೀಟರ್ ಹಿಡಿಯಿರಿ. 9.6ಕ್ಕಿಂತ ಕೆಳಗೆ ಕುಸಿದರೆ ತುಂಬಿದ್ದು ಮೇಲುಮೇಲಕ್ಕೆ ಅಷ್ಟೇ.