ಖಾರ ತಡೆಯದ ಬಾಯಿ

ಬಾಗಲಕೋಟೆ ಸೀಮೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಉಂಡೇ ಬೆಳೆದವರು ನಾವು. ಇಂಥ ಊಟದ ಮನುಷ್ಯ "ಈಗೀಗ ಖಾರ ತಿಂದ್ರ ಬಾಯಿ ಉರೀತೈತ್ರಿ ಡಾಕ್ಟರ್ರ" ಅಂದರೆ ನಾನು ಹಲ್ಲು ನೋಡುವ ಮೊದಲೇ ಕೇಳುತ್ತೇನೆ: ಅಡಿಕೆ ಎಷ್ಟು ವರ್ಷದಿಂದ ಹಾಕ್ತೀರಿ?

ಈಚೆಗೆ ಹೀಗೆ ಬಂದವರು ಮುಧೋಳ ಕಡೆಯ ಕಬ್ಬಿನ ಟ್ರ್ಯಾಕ್ಟರ್ ಚಾಲಕರು. ಈಗಷ್ಟೇ ಮೂವತ್ತು ದಾಟಿದೆ. ಕಾರ್ಖಾನೆ ಮುಂದೆ ರಾತ್ರಿಯಿಡೀ ಪಾಳಿ ಕಾಯುವಾಗ ನಿದ್ದೆ ಹತ್ತಬಾರದು ಅಂತ ಗುಟಕಾ ಶುರುವಾಗಿತ್ತು. "ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕ್ರಿ" ಅಂದೆ. ಎರಡೇ ಕಷ್ಟಪಟ್ಟು ಹೋದವು. ಕೆನ್ನೆಯ ಒಳಭಾಗ ಬಿಳಚಿಕೊಂಡಿತ್ತು. ಬೆರಳಾಡಿಸಿದರೆ ಹಗ್ಗದಂಥ ಬಿಗಿ ಪಟ್ಟಿಗಳು ಕೈಗೆ ಹತ್ತುತ್ತಿದ್ದವು.

ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕದಿಂದ ಕೆನ್ನೆಯೊಳಗೆ ಕೊಲಾಜನ್ ನಾರು ಅತಿಯಾಗಿ ಬೆಳೆದು ಬಾಯಿ ಬಿಗಿಯುತ್ತದೆ. ಇದೇ ಕ್ಯಾನ್ಸರ್ ಅಲ್ಲ. ಆದರೆ ಇಂಥ ಬಾಯಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯ ಜಾಸ್ತಿ.

"ತಂಬಾಕ ಮುಟ್ಟಂಗಿಲ್ರಿ, ಬರೇ ಪಾನ್ ಮಸಾಲಾ" ಅನ್ನುವವರು ಬಹಳ. ಆ ಧೈರ್ಯ ಬೇಡ. ತಂಬಾಕು ಇರಲಿ, ಬಿಡಲಿ, ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು. ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಆದವು ಅಷ್ಟೆ. ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿದರೆ ಮತ್ತೆ ಅದೇ ಗುಟಕಾ ಅಲ್ವಾ?

ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಜನರ ಬಾಯಿಯನ್ನು ಬೆಳಕಿನಲ್ಲಿ ಕಣ್ಣಿಂದಲೇ ಪರೀಕ್ಷಿಸಿದರು. ತಂಬಾಕು, ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಸುಮಾರು ಶೇ. 34ರಷ್ಟು ಕಡಿಮೆಯಾಗಿದ್ದು 2005ರಲ್ಲಿ ಪ್ರಕಟವಾಯಿತು. ನನಗೆ ಈ ಅಧ್ಯಯನ ಬಹಳ ಮುಖ್ಯ. ಅವರು ಮಾಡಿದ್ದನ್ನು ನಮ್ಮ ಹಳ್ಳಿಗಳಲ್ಲೂ ಮಾಡಬಹುದು.

ಮನೆಯಲ್ಲೇ ಕನ್ನಡಿ ಮುಂದೆ ನಿಂತು ಕೆನ್ನೆ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ ನೋಡಿಕೊಳ್ಳಿ. ಬಿಳಿ ಕಲೆಗಿಂತ ಕೆಂಪು ಕಲೆ ಹೆಚ್ಚು ಅಪಾಯದ್ದು. ಎರಡು ವಾರವಾದರೂ ಮಾಯದ ಹುಣ್ಣು, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸಲೇಬೇಕು. ಮೊದಮೊದಲ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ. "ತುಣುಕು ತೆಗೆದು ಪರೀಕ್ಷೆ ಮಾಡಿದ್ರ ಕ್ಯಾನ್ಸರ್ ಕೆರಳ್ತದ" ಅಂತ ಹೆದರಿ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ತಡ ಮಾಡಿದರೆ ಹರಡುತ್ತದೆ.

ಬಿಗಿದ ಬಾಯಿ ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ಬಾಯಿ ತೆರೆಯುವ ವ್ಯಾಯಾಮ, ಇಂಜೆಕ್ಷನ್, ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ ಇವೆ. ಆದರೆ ಅಡಿಕೆ ಬಿಡದಿದ್ದರೆ ಯಾವುದೂ ನಿಲ್ಲದು. ಬಿಡಲು ಒಬ್ಬರಿಗೇ ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ.